ಮಾವನವರ ಬಸಿಗಾಲುವೆ

ಆ ದಿನ ಬೆಳಿಗ್ಗೆಯೂ ಮಾವನವರು ಹಿತ್ತಲ ಬಾಗಿಲಿಗೆ ಬಂದು ನಿಂತಾಗ ಅವರ ನಾಲಗೆಯ ತುದಿ ಕಪ್ಪಾಗಿತ್ತು. ಹೊಸಬರು ನೋಡಿದರೆ ಏನೋ ರೋಗ ಎಂದುಕೊಳ್ಳಬೇಕು. ರೋಗವಲ್ಲ, ಎರೆಮಣ್ಣು. ಹೊತ್ತು ಹುಟ್ಟುವ ಮೊದಲೇ ಹೊಲಕ್ಕೆ ಹೋಗಿ, ನಾಲ್ಕೂ ಮೂಲೆಯಿಂದ ಒಂದೊಂದು ಚಿಟಿಕೆ ಮಣ್ಣು ತೆಗೆದು ನಾಲಗೆಗೆ ಹಚ್ಚಿ ನೋಡಿ, ಉಗುಳಿ, ಮನೆಗೆ ಬಂದು ನನ್ನ ಕೈಯಿಂದ ಒಂದು ತಂಬಿಗೆ ನೀರು ಇಸಿದುಕೊಂಡು ಬಾಯಿ ಮುಕ್ಕಳಿಸುವುದು ಅವರ ದಿನಚರಿ. ಆಮೇಲೆ ಕಟ್ಟೆಯ ಮೇಲೆ ಕುಳಿತು, ಬಿಸಿ ಹಾಲಿನಲ್ಲಿ ಹಿಂದಿನ ದಿನದ ರೊಟ್ಟಿ ಮುರಿದು ಹಾಕಿಕೊಂಡು ತಿನ್ನುವರು. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು.

"ಇವತ್ತ ಹೆಂಗೈತ್ರಿ?" ಎಂದು ಕೇಳಿದೆ. ದಿನಾ ಕೇಳುವ ಮಾತು.

"ಕೆಳಗಿನ ಮೂಲಿ ಮತ್ತ ಉಪ್ಪಾಗೇತವಾ. ಕಾಲುವಿ ಬಾಯಿ ಕಟ್ಟ್ಯಾರ."

ಕಟ್ಟಿದವರು ಯಾರೆಂದು ನನಗೂ ಗೊತ್ತಿತ್ತು. ನಮ್ಮ ಹೊಲದ ಕೆಳಗಿನ ಹೊಲ ಒಬ್ಬ ಕಾಕಾನದು. ಸಂಬಂಧದಲ್ಲಿ ದೂರ, ಬದುವಿನಲ್ಲಿ ಹತ್ತಿರ. ಅವರ ಕಬ್ಬು ಕಾರ್ಖಾನೆಗೆ ಹೊರಟಿತ್ತು. ಟ್ರ್ಯಾಕ್ಟರ್ ಹಾಯಲು ನಮ್ಮ ಹೊಲದ ನೀರು ಬಸಿದು ಹೋಗುವ ಕಾಲುವೆ ಅಡ್ಡ ಬರುತ್ತದೆಂದು ಹಿಂದಿನ ದಿನ ಅದರೊಳಗೆ ಕಬ್ಬಿನ ಒಣ ಎಲೆಯ ರವದಿ ತುಂಬಿ, ಮೇಲೆ ಮಣ್ಣು ಸುರಿದು ದಾರಿ ಮಾಡಿಕೊಂಡಿದ್ದರು. ನೀರು ಹೋಗಲು ಒಂದು ಪೈಪು ಸಹ ಇಟ್ಟಿರಲಿಲ್ಲ.

ಮಾವನವರು ಮಗನಿಗೆ ಎರಡಾಳು ಕಳಿಸು ಎಂದರು. ನಮ್ಮವರು ಮೊಬೈಲಿನಿಂದ ತಲೆ ಎತ್ತದೆ, ಕಬ್ಬು ಹೋದ ಮೇಲೆ ತೆಗೆಸಿದರಾಯಿತು, ಎಂಟು ದಿನದಲ್ಲಿ ಭೂಮಿ ಏನು ಸಾಯುತ್ತದೆಯೇ ಎಂದರು. ಮಾವನವರು ರೊಟ್ಟಿಯ ಬಟ್ಟಲನ್ನು ಅರ್ಧಕ್ಕೇ ಬಿಟ್ಟು, ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡು ಹೊರಟರು. ಎಪ್ಪತ್ತು ದಾಟಿದ ಮನುಷ್ಯ. ನಾನು ಗಂಡನ ಮುಖ ನೋಡಿದೆ. ಬೆಳಗಾವಿಯ ಕಾನ್ವೆಂಟಿನಲ್ಲಿ ನನಗೆ ದನಿ ಏರಿಸಬಾರದು ಎಂದು ಕಲಿಸಿದ್ದರು. ಏರಿಸಲಿಲ್ಲ. ಆ ಸಿಟ್ಟು ಇನ್ನೂ ನನ್ನ ಮೇಲೇ ಇದೆ.

ನಮ್ಮದು ಜಮಖಂಡಿ ತಾಲೂಕಿನ, ಕೃಷ್ಣೆಯ ದಂಡೆಯಿಂದ ಸ್ವಲ್ಪ ಮೇಲಿರುವ ಊರು. ಮಾವನವರ ಅಪ್ಪ ಕುರಿ ಕಾಯ್ದವರು. ಮಾವನವರೂ ಹತ್ತು ಹನ್ನೆರಡು ವರ್ಷ ಬೀರದೇವರ ಅರಿಷಿಣದ ಭಂಡಾರ ಹಣೆಗೆ ಹಚ್ಚಿಕೊಂಡು ಕುರಿ ಹಿಂದೆ ತಿರುಗಿದವರೇ. ಆ ಮನೆತನದಲ್ಲಿ ಕೋಲು ಇಟ್ಟು ಕೂರಿಗೆ ಹಿಡಿದ ಮೊದಲಿಗರು ಅವರು. ಹೊಳೆಯಿಂದ ದಿಬ್ಬದ ಹೊಲಕ್ಕೆ ಪೈಪು ಹೂಳಿ ಎಂಜಿನ್ನಿನಿಂದ ನೀರು ಏರಿಸಿದವರಲ್ಲಿ ಇಡೀ ಊರಿಗೇ ಮೊದಲಿಗರು. ಮೊದಲ ನೀರು ಬಿದ್ದ ದಿನ ಅತ್ತೆಯವರು ಪೈಪಿನ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿ, ಕುಪ್ಪಸದ ಕಣ ಇಟ್ಟು, ಬಸುರಿ ಹೆಣ್ಣಿಗೆ ತುಂಬುವ ಹಾಗೆ ಗಂಗವ್ವನಿಗೆ ಉಡಿ ತುಂಬಿದರಂತೆ. ಊರೆಲ್ಲ ಬಂದು ನೋಡಿತಂತೆ. ನೋಡಿ ಹೋದವರೆಲ್ಲ ಮರುವರ್ಷ, ಅದರ ಮರುವರ್ಷ ತಾವೂ ಪೈಪು ಹೂಳಿದರು.

ನಾನು ಸೊಸೆಯಾಗಿ ಬಂದದ್ದು ತೊಂಬತ್ತೆಂಟರಲ್ಲಿ. ಅಷ್ಟರಲ್ಲಿ ಮನೆ ಬಾಗಿಲಿಂದ ಹೊಳೆಯ ತನಕ ಕಬ್ಬೇ ಕಬ್ಬು. ಮುಂದೆ ಅಣೆಕಟ್ಟುಗಳ ನೀರು ಹಿಂದಕ್ಕೆ ಬಂದು ನಿಂತು ಹೊಳೆ ಬೇಸಿಗೆಯಲ್ಲೂ ತುಂಬಿರತೊಡಗಿದಾಗ ಊರಿನ ಹಿಗ್ಗು ಕೇಳಬೇಡಿ. ನಮ್ಮ ಮಂದಿ ಬಂದ ನೀರನ್ನು ಬೇಡ ಎನ್ನುವುದಿಲ್ಲ. ಗಂಗವ್ವನಿಗೆ ಬೇಡ ಎಂದರೆ ಮುನಿಯುತ್ತಾಳೆ. ಕರೆಂಟು ಇದ್ದಷ್ಟು ಹೊತ್ತೂ ಮೋಟರು ಓಡಬೇಕು, ಹೊಲದಲ್ಲಿ ಪಾದ ಮುಳುಗುವಷ್ಟು ನೀರು ನಿಲ್ಲಬೇಕು, ಆಗಲೇ ಸಮಾಧಾನ. ಮಾವನವರೂ ಇದನ್ನೇ ಮಾಡಿದರು. ಇದನ್ನು ಮುಚ್ಚಿಟ್ಟರೆ ಅವರ ಚಿತ್ರ ಅರ್ಧವಾದೀತು.

ಕೆಡುಕನ್ನು ಮೊದಲು ಕಂಡದ್ದೂ ಅವರೇ. ಕಬ್ಬು ಕಡಿದ ಹೊಲದಲ್ಲಿ ಗೊಬ್ಬರಕ್ಕೆಂದು ಒಮ್ಮೆ ಕುರಿ ನಿಲ್ಲಿಸಿದ್ದರು. ಕುರಿಗಳೆಲ್ಲ ಸೋಗೆ ಬಿಟ್ಟು ಕೆಳಗಿನ ಮೂಲೆಗೆ ಹೋಗಿ ಗುಂಪಾಗಿ ನೆಲ ನೆಕ್ಕುತ್ತಿದ್ದವು. ಕುರಿ ಕಾಯುವವನು ನಕ್ಕ. ಮಾವನವರು ಅಲ್ಲೇ ಕುಳಿತು ತಾವೂ ಒಂದು ಚಿಟಿಕೆ ನಾಲಗೆಗೆ ಹಚ್ಚಿದರು. ಉಪ್ಪು. ಮನೆಗೆ ಬಂದಾಗ ಅವರ ಮುಖ ಸತ್ತವರ ಮನೆಯಿಂದ ಬಂದವರ ಹಾಗಿತ್ತು. "ಸವಳು ಬಂತವಾ," ಎಂದರು, "ಕುರಿಗಿ ತಿಳೀತು, ನನಗ ತಿಳೀಲಿಲ್ಲ." ಮುಂದಿನ ಬೇಸಿಗೆಗೆ ಆ ಮೂಲೆ ಬೆಳ್ಳಗಾಯಿತು. ಬನಹಟ್ಟಿಯ ನೇಕಾರರ ಓಣಿಯಲ್ಲಿ ನೂಲಿನ ಗಂಜಿ ಚೆಲ್ಲಿ ಒಣಗಿದ ಕಲ್ಲು ನೋಡಿದ್ದೇನೆ, ಹಾಗೆಯೇ. ಕಬ್ಬು ಮೊಣಕಾಲೆತ್ತರಕ್ಕೆ ನಿಂತು ಹಳದಿಯಾಯಿತು.

ನೀರು ನಿಂತದ್ದರಿಂದ ಬಂದ ರೋಗ, ನೀರು ಹರಿದರೇ ಹೋಗಬೇಕು. ನೆಲದೊಳಗಿನ ನೀರು ಬಸಿದು ಹಳ್ಳ ಸೇರಲು ಎದೆಯಾಳದ ಕಾಲುವೆ ತೋಡಬೇಕೆಂದು ಅವರು ಹೇಳಿದಾಗ ಮನೆಯಲ್ಲಿ ಮೊದಲು ಎದ್ದು ನಿಂತವರು ಅತ್ತೆಯವರು. ಉಡಿ ತುಂಬಿ ಕರೆದ ಗಂಗವ್ವನನ್ನು ಹೊರಗೆ ಹಾಕುತ್ತೀರಾ, ಮನೆ ಉಳಿಯುತ್ತದೆಯೇ ಎಂದು ಅತ್ತರು. ಆಗ ಮಾವನವರು ಹೇಳಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ.

"ಬೀಗರು ಬಂದ್ರ ಉಣಸ್ತೇವಿ, ಆಯೇರಿ ಮಾಡ್ತೇವಿ, ಕಳಸ್ತೇವಿ. ಮನ್ಯಾಗ ಇಟಗೊಂಡು ಕುಂಡ್ರೂದಿಲ್ಲ. ಕರದಾಂವ ನಾನು, ಕಳಸಾಂವನೂ ನಾನ."

ಆದರೆ ಕಳಿಸುವ ದಾರಿ ನಮ್ಮದಾಗಿರಲಿಲ್ಲ. ಹಳ್ಳ ಇದ್ದದ್ದು ಕಾಕಾನ ಹೊಲದಾಚೆ. ಕಾಕಾ ಒಂದು ವರ್ಷ ಆಟ ಆಡಿಸಿದರು. ಇವತ್ತು ಹೂಂ, ನಾಳೆ ಹೆಂಡತಿ ಒಪ್ಪುವುದಿಲ್ಲ, ನಾಡಿದ್ದು ಅಮಾವಾಸ್ಯೆ. ಯಾರೋ ಜಮಖಂಡಿ ಕೋರ್ಟಿಗೆ ಹೋಗಿ ಎಂದರು. ಕೋರ್ಟಿಗೆ ಹೋದರೆ ನೀರು ಇದ್ದಲ್ಲೇ ನಿಲ್ಲುತ್ತದೆ, ಹರಿಯುವುದಿಲ್ಲ ಎಂದು ಮಾವನವರು ಕೈ ಮುಗಿದರು. ಕೊನೆಗೆ ಕಾಲುವೆಗೆ ಹೋಗುವಷ್ಟು ನೆಲವನ್ನು ನಮ್ಮ ಮೇಲಿನ ಬದುವಿನ ಕಡೆ, ಸವಳು ತಾಗದ ಒಳ್ಳೆಯ ನೆಲವನ್ನು, ಕಾಕಾನಿಗೆ ಬಿಟ್ಟುಕೊಟ್ಟರು. ಕಾಗದವಿಲ್ಲ, ಪತ್ರವಿಲ್ಲ. ಬೀರದೇವರ ಗುಡಿಯಲ್ಲಿ ಇಬ್ಬರೂ ಭಂಡಾರ ಮುಟ್ಟಿದರು, ಅಷ್ಟೇ. ಕಾಕಾ ಆ ಪಟ್ಟಿಯಲ್ಲಿ ಅದೇ ವರ್ಷ ಅರಿಷಿಣ ಹಾಕಿದರು. ಬಂಗಾರದಂಥ ಬೆಳೆ ಬಂತು.

ಕಾಲುವೆಗೆ ಇಳಿಜಾರು ಗುರುತಿಸಲು ಮಾವನವರ ಬಳಿ ಇದ್ದದ್ದು ನೀರು ತುಂಬಿದ ಒಂದು ಬಿಳಿ ಪೈಪು. ಗೌಂಡಿಗಳು ಗೋಡೆಯ ಮಟ್ಟ ನೋಡುತ್ತಾರಲ್ಲ, ಅದು. ಅದಕ್ಕೆ ಎರಡು ತುದಿ, ಎರಡು ತುದಿಗೆ ಇಬ್ಬರು ಬೇಕು. ಗಂಡುಮಕ್ಕಳಿಗೆ ನಾಚಿಕೆ. ನಮ್ಮವರು ಕೆಲಸವಿದೆ ಎಂದರು, ಮುಧೋಳದಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮೈದುನ ಬರಲೇ ಇಲ್ಲ. ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದು, ಸಾಲಿ ಕಲಿತವಳು ಕೈ ನಡುಗಿಸದೆ ಹಿಡಿಯುತ್ತೀಯವ್ವಾ ಎಂದರು. ಹಾಗೆ ನಾನು ಸೆರಗು ಬಿಗಿದುಕೊಂಡು ಹನ್ನೊಂದು ದಿನ ಹೊಲದಲ್ಲಿ ಪೈಪು ಹಿಡಿದು ನಿಂತೆ. ಕಣ್ಣಿಗೆ ಸಪಾಟಾಗಿ ಕಾಣುವ ನೆಲ ಎಲ್ಲಿ ಒಂದು ಬೆರಳು ಇಳಿಯುತ್ತದೆ, ಎಲ್ಲಿ ಏರುತ್ತದೆ ಎಂದು ನನಗೆ ತೋರಿಸಿದವರು ಅವರು. ಮದುವೆಯಾಗಿ ಬಂದು ಅಷ್ಟು ವರ್ಷವಾದರೂ ಆ ಹೊಲ ನನ್ನದು ಎನಿಸಿರಲಿಲ್ಲ. ಅಂದಿನಿಂದ ಎನಿಸಿತು. ಯಾವ ತವರುಮನೆಯೂ ಕೊಡದ ಬಳುವಳಿ ಅದು.

ಕಾಕಾ ಬದುವಿನ ಮೇಲೆ ಕುಳಿತು ನೋಡುತ್ತಿದ್ದರು. "ಏನೋ ಅಣ್ಣಾ, ಸೊಸಿ ಕೈಯಾಗ ಪೈಪ ಕೊಟ್ಟು ಭೂಮಿಗೆ ಸಲಾಯಿನ್ ಏರಸಾಕತ್ತಿಯೇನು?" ಎಂದು ಕೇಳಿದರು.

"ಏರಸೂದು ಆಗೇತಲೇ," ಎಂದರು ಮಾವನವರು, "ಈಗ ಇಳಸಾಕತ್ತೇನಿ."

ಮೊದಲ ಮಳೆಗಾಲದಲ್ಲಿ ಕಾಲುವೆಯಲ್ಲಿ ಕೆಂಪು ಚಹಾದ ಬಣ್ಣದ ನೀರು ಹರಿಯಿತು. ಎರಡನೆಯ ವರ್ಷ ಆ ಸತ್ತ ಮೂಲೆಯಲ್ಲಿ ಜೋಳ ಎದ್ದಿತು. ಮೂರನೆಯ ವರ್ಷ ಕಬ್ಬು. ಕಾಕಾನ ಹೊಲದ ಬಿಳುಪೂ ಹೋಯಿತು, ಏಕೆಂದರೆ ಅವರ ನೀರೂ ಅದೇ ಕಾಲುವೆಗೆ ಬಸಿಯುತ್ತಿತ್ತು. ಊರವರು ಬಂದರು, ಬಗ್ಗಿ ನೋಡಿದರು, ಭಾಳ ಛಲೋ ಆತು ಎಂದರು, ಹೋದರು. ಒಬ್ಬನೂ ತೋಡಲಿಲ್ಲ. ಪೈಪಿನ ನೀರು ತರಲು ಯಾರ ಕಾಲಿಗೂ ಬೀಳಬೇಕಾಗಿರಲಿಲ್ಲ. ಕಾಲುವೆಗಾದರೆ ಕೆಳಗಿನ ಹೊಲದವನ ಮನೆಗೆ ಹೋಗಿ ಬೇಡಬೇಕು, ಅವನು ಅವನ ಕೆಳಗಿನವನನ್ನು ಬೇಡಬೇಕು. ಬೇಡುವುದಕ್ಕಿಂತ ಹೊಲ ಸತ್ತರೂ ಸರಿ ಎಂದುಕೊಂಡರು. ಮಾವನವರು ಮನೆಮನೆಗೆ ಹೋದರು. ಎಲ್ಲರೂ ಚಹಾ ಕೊಟ್ಟರು. "ಬೀಳಗಿ ಕಡಿ ಮಂದಿ ಹೊಲ ಡ್ಯಾಮಿನ ನೀರಾಗ ಮುಳಗಿ ಹ್ವಾದವು, ಅವರ ಕೈಯಾಗ ಏನೂ ಇರಲಿಲ್ಲ," ಎನ್ನುತ್ತಿದ್ದರು. "ನಮ್ಮವು ನೀರು ಕುಡಕುಡದ ಸಾಯಾಕತ್ತಾವ. ಕುಡಸಾವ್ರು ನಾವ."

ಒಮ್ಮೆ ಜಮಖಂಡಿಯಲ್ಲಿ ಒಂದು ಸನ್ಮಾನ. ಹೊಳೆಯ ನೀರು ಏರಿಸಿದ ಮೊದಲಿಗರೆಂದು ಶಾಲು ಹೊದಿಸಿದರು. ಎರಡು ಮಾತಾಡಿ ಎಂದಾಗ ಮಾವನವರು ಅಂಗಿಯ ಕಿಸೆಯಿಂದ ಕಾಗದದ ಪೊಟ್ಟಣ ತೆಗೆದು, ಬೇರೆಯವರ ಹೊಲದಿಂದ ಕೆರೆದು ತಂದ ಬಿಳಿ ಮಣ್ಣನ್ನು ಮೇಜಿನ ಮೇಲೆ ಸುರಿದು, ಇದೂ ನಾನೇ ತಂದದ್ದು, ಇದಕ್ಕೂ ಒಂದು ಶಾಲು ಹೊದಿಸಿರಿ ಎಂದರು. ಸಭೆ ನಕ್ಕಿತು. ನಿರೂಪಣೆ ಮಾಡುತ್ತಿದ್ದ ಹುಡುಗಿ ಹಿರಿಯರಿಗೆ ಧನ್ಯವಾದಗಳು ಎಂದು ಮೈಕು ಇಸಿದುಕೊಂಡಳು. ಒಬ್ಬ ಆಳು ಬಂದು ಒದ್ದೆ ಬಟ್ಟೆಯಿಂದ ಮೇಜು ಒರೆಸಿದ. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ನನ್ನ ಕಿವಿ ಕಾದವು. ಮಾವನವರು ಆ ಶಾಲನ್ನು ಮೋಟರಿನ ಸ್ಟಾರ್ಟರ್ ಪೆಟ್ಟಿಗೆಗೆ ಮಳೆ ತಾಗದಂತೆ ಹೊದಿಸಿಬಿಟ್ಟರು.

ಮಾವನವರು ಸಲಿಕೆ ಹಿಡಿದು ಹೋದ ಆ ದಿನ ಹನ್ನೊಂದರ ಸುಮಾರಿಗೆ ಕಾಕಾನೇ ಓಡಿ ಬಂದರು. ಮೈಯೆಲ್ಲ ಬೆವರು, ತಲೆಯ ಪಟಗ ಬಿಚ್ಚಿತ್ತು. ಅಣ್ಣ ಮಾತಾಡುತ್ತಿಲ್ಲ ಎಂದಷ್ಟೇ ಹೇಳಿದರು. ನಾವು ಹೋದಾಗ ಮಾವನವರು ಕಾಲುವೆಯ ದಂಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಕಾಲು ಕೆಳಗೆ ನೀರಿನಲ್ಲಿದ್ದವು. ರವದಿಯನ್ನು ಅರ್ಧದಷ್ಟು ಎಳೆದು ಹಾಕಿದ್ದರು. ತೆರೆದ ಅರ್ಧದಲ್ಲಿ ನೀರು ಅವರ ಕಾಲು ಬಳಸಿಕೊಂಡು ಹರಿಯುತ್ತಿತ್ತು. ನಮ್ಮವರು ಅಪ್ಪಾ ಅಪ್ಪಾ ಎಂದು ಅವರ ಗಲ್ಲ ತಟ್ಟಿದರು. ಎರಡಾಳು ಕಳಿಸಿದ್ದರೆ ಎಂಬ ಮಾತು ಅವರೂ ಆಡಲಿಲ್ಲ, ನಾನೂ ಆಡಲಿಲ್ಲ. ಇವತ್ತಿಗೂ ನಾವಿಬ್ಬರೂ ಆಡಿಲ್ಲ.

ಹೊಲದ ಮೇಲಿನ ಮೂಲೆಯಲ್ಲಿ, ಮೊದಲೇ ತೀರಿಕೊಂಡಿದ್ದ ಅತ್ತೆಯವರ ಪಕ್ಕದಲ್ಲಿ, ಹೊತ್ತು ಇಳಿಯುವಷ್ಟರಲ್ಲಿ ಮಣ್ಣು ಮಾಡಿದರು. ಮಂದಿ ಎಷ್ಟು ಬಂದಿದ್ದರೆಂದರೆ ಕಬ್ಬಿನ ಸಾಲು ತುಳಿದು ನಿಲ್ಲಬೇಕಾಯಿತು. ಒಬ್ಬರಾದ ಮೇಲೊಬ್ಬರು ಮಾತಾಡಿದರು. ಊರಿಗೆ ನೀರು ತಂದ ಪುಣ್ಯಾತ್ಮ ಎಂದರು, ಭಗೀರಥ ಎಂದರು, ಗುಡಿಯ ಮುಂದೆ ಒಂದು ಕಲ್ಲು ನಿಲ್ಲಿಸಬೇಕು ಎಂದರು. ನೂರು ಹೆಜ್ಜೆ ದೂರದಲ್ಲಿ ಆ ಮನುಷ್ಯ ಅರ್ಧ ತೆರೆದು ಬಿಟ್ಟ ಕಾಲುವೆ ಇತ್ತು. ಆ ಕಡೆ ಯಾರೂ ತಿರುಗಿ ನೋಡಲಿಲ್ಲ. ಬದುಕಿದ್ದಾಗ ಅವರ ಅರ್ಧ ಮಾತು ಕೇಳಿದವರು ಸತ್ತಾಗ ಅರ್ಧ ಮನುಷ್ಯನನ್ನೇ ಹೂಳಿ ಬಂದರು. ಕಾಕಾ ಮಾತ್ರ ಮಾತಾಡಲಿಲ್ಲ. ಹೆಗಲು ಕೊಟ್ಟರು, ಕುಣಿಗೆ ತಾವೇ ಇಳಿದರು, ಮಗುವಿನ ಹಾಗೆ ಅತ್ತರು. ಅದು ಸುಳ್ಳು ಅಳುವಲ್ಲ. ಬಿಕ್ಕುವಾಗ ಅವರ ಭುಜ ನಡುಗುವುದನ್ನು ನಾನೇ ನೋಡಿದ್ದೇನೆ. ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕಾಲು ತೊಳೆದುಕೊಂಡು ಒಬ್ಬೊಬ್ಬರೇ ಹೊರಟರು. ಕೊನೆಗೆ ಉಳಿದವರು ಕಾಕಾ. ನಾನು ಅವರ ಕಾಲಿಗೆ ನೀರು ಹಾಕಿದೆ. ಕಣ್ಣು ಇನ್ನೂ ಕೆಂಪಗಿದ್ದವು. ಟವೆಲಿನಿಂದ ಮುಖ ಒರೆಸಿಕೊಂಡರು, ಅಣ್ಣನಂಥ ಮನುಷ್ಯ ಇನ್ನು ಹುಟ್ಟುವುದಿಲ್ಲ ಎಂದರು, ಚಪ್ಪಲಿ ಮೆಟ್ಟುತ್ತ ಬಾಗಿಲ ತನಕ ಹೋದರು. ಅಲ್ಲಿ ಏನೋ ಮರೆತವರ ಹಾಗೆ ತಿರುಗಿದರು.

"ನಾಡದ್ದ ನಮ್ಮ ಹೊಲಕ್ಕ ಜೆಸಿಬಿ ಬರತೈತಿ ಯವ್ವಾ. ಹೆಂಗೂ ಬಂದಿರತೈತಿ, ಆ ಕಾಲುವಿನೂ ಮುಚ್ಚಿಸಿಬಿಡತೇನಿ. ಇನ್ನ ಅದನ್ನ ನೋಡವ್ರು ಯಾರದಾರ? ನಿಮ್ಮವರಿಗೆ ಹೇಳು, ಸುಮ್ನ ಆಳು ಹಚ್ಚೂದು ಬ್ಯಾಡ ಅಂತ."