ಗದ್ದದವರೆಗಿನ ಸೆರಗು

ಮದುವೆಯಾಗಿ ಸಿಂದಗಿಗೆ ಬಂದಾಗ ನನ್ನ ತಲೆಯ ಮೇಲಿನ ಸೆರಗು ಗದ್ದದವರೆಗೂ ಇಳಿದಿರುತ್ತಿತ್ತು. "ನಮ್ಮ ಸೊಸಿಗಿ ಭಾಳ ಮರ್ಯಾದಿ ಐತ್ರಿ," ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ಮರ್ಯಾದೆಯೂ ಅಲ್ಲ, ಮಣ್ಣೂ ಅಲ್ಲ. ನನ್ನ ಗದ್ದ ಸೊಟ್ಟಗಿದೆ ಎಂದು ಮುಚ್ಚಿಕೊಳ್ಳುತ್ತಿದ್ದೆ. ತೊಳೆದ ಸ್ಟೀಲ್ ತಾಟಿನಲ್ಲಿ, ಬಸ್ಸಿನ ಕಿಟಕಿಯಲ್ಲಿ ಅದನ್ನೇ ನೋಡುತ್ತಿದ್ದೆ. ನೋಡಿದಷ್ಟೂ ಇನ್ನಷ್ಟು ಸೊಟ್ಟಗಾಗುತ್ತಿತ್ತು. ತವರೂರು ಇಂಡಿಯಲ್ಲಿ ತಂಗಿಯ ಮದುವೆಯಿತ್ತು. ಫೋಟೊ ತೆಗೆಯುತ್ತಾರೆಂಬ ಹೆದರಿಕೆಗೆ ಜ್ವರದ ನೆಪ ಹೇಳಿ ಹೋಗಲೇ ಇಲ್ಲ.

ಒಂದು ಬೇಸಿಗೆಯ ಮಧ್ಯಾಹ್ನ ಅತ್ತೆ, "ಮನ್ಯಾಗ ನಾವಿಬ್ರೇ ಅದೀವಿ, ಝಳ ಭಾಳ ಐತಿ, ಸೆರಗ ತಗಿಯವಾ," ಎಂದು ಕೈ ಹಾಕಿದರು. ನಾನು ಎರಡೂ ಕೈಯಿಂದ ಸೆರಗು ಬಿಗಿಹಿಡಿದು ಹಿಂದೆ ಸರಿದೆ. ಅತ್ತೆಯ ಮುಖ ಸಪ್ಪಗಾಯಿತು.

"ಯಾರರ ಏನರ ಅಂದಾರೇನ ನಿನಗ?"

ಯಾರೂ ಏನೂ ಅಂದಿರಲಿಲ್ಲ. ದಿನಕ್ಕೆ ನೂರು ಸಲ ಅನ್ನುತ್ತಿದ್ದವಳು ನಾನೇ.