ಡ್ರೈವರಣ್ಣನ ಟವೆಲ್

ವ್ಯಾನ್ ಓಡಿಸುವಾಗ ಅವರು ಸೊಂಟದ ಹಿಂದೆ ಒತ್ತಿಟ್ಟುಕೊಳ್ಳುತ್ತಿದ್ದ ಟವೆಲ್ ಸುರುಳಿ ಒಂದು ಕಾಲಕ್ಕೆ ಬಿಳಿ ಇತ್ತಂತೆ. ನಾನು ನೋಡುವ ಹೊತ್ತಿಗೆ ಬೆವರು, ಕೊಬ್ಬರಿ ಎಣ್ಣೆ, ಹೊಗೆಸೊಪ್ಪು ಎಲ್ಲ ಸೇರಿ ಬೂದು ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಕೈಗೆ ಅಂಟುತ್ತಿತ್ತು. ಚಿತ್ರದುರ್ಗದ ಬಿತ್ತನೆ ಬೀಜದ ಅಂಗಡಿಯೊಂದರ ವ್ಯಾನಿಗೆ ಅವರು ಡ್ರೈವರು. ಊರೂರಿನ ಅಂಗಡಿಗಳಿಗೆ ಮಾಲು ಇಳಿಸಿ ಬರೆದುಕೊಳ್ಳುವವನು ನಾನು. ಡ್ರೈವರಣ್ಣ ಎನ್ನುತ್ತಿದ್ದೆ. ವಾರಕ್ಕೆ ಆರು ದಿನ ಹಿರಿಯೂರು, ಧರ್ಮಪುರ, ಹೊಸದುರ್ಗ, ಹೊಳಲ್ಕೆರೆ ಅಂತ ಸುತ್ತುವಾಗ ಆ ವಾಸನೆ ತಡೆಯಲಾರದೆ ಕಿಟಕಿಯ ಆಚೆ ಮುಖ ಹಾಕಿ ಕೂರುತ್ತಿದ್ದೆ.

ವ್ಯಾನ್ ಹತ್ತುವ ಮೊದಲು ಹಿಂದಿನ ಜೇಬಿನ ಪರ್ಸು ತೆಗೆದು ಮುಂದೆ ಇಡುತ್ತಿದ್ದರು. ಸೀಟು ಮುಂದಕ್ಕೆ ಎಳೆದುಕೊಂಡು, "ಪೆಡಲ್ ಕಾಲಿಗೆ ಸಿಗಬೇಕು. ಸೊಂಟ ಜಾರಿಸ್ಕೊಂಡು ಹೋಗಿ ತುಳೀಬಾರ್ದು" ಅನ್ನುತ್ತಿದ್ದರು. ಮುಕ್ಕಾಲು ಗಂಟೆಗೊಮ್ಮೆ ಮರ ಕಂಡಲ್ಲಿ ನಿಲ್ಲಿಸಿ, ಎರಡೂ ಕೈ ಸೊಂಟಕ್ಕೆ ಕೊಟ್ಟು ಹಿಂದಕ್ಕೆ ಬಾಗಿ, ವ್ಯಾನಿಗೆ ಎರಡು ಸುತ್ತು ಹಾಕಿ, ಕ್ಯಾಕರಿಸಿ ಉಗಿದು ಹತ್ತುತ್ತಿದ್ದರು.

"ಇಳಿಯಪ್ಪ ನೀನೂ. ಸೊಂಟ ಏನು ಸಾವ್ಕಾರ್ರು ಕೊಡ್ಸಿದ್ದಾ?"

ನಾನು ಇಳಿಯುತ್ತಿರಲಿಲ್ಲ. ಕೂತಲ್ಲೇ ಡೈರಿ ತೆಗೆದು, ನಿಂತ ಜಾಗ, ನಿಂತ ನಿಮಿಷ ಬರೆದುಕೊಳ್ಳುತ್ತಿದ್ದೆ. ಬರೆ ಅಂತ ಯಾರೂ ಹೇಳಿರಲಿಲ್ಲ, ಎಲ್ಲವನ್ನೂ ಬರೆಯುವುದು ನನ್ನ ಚಾಳಿ. ಒಂದು ತಿಂಗಳಿಗೆ ನೂರಾ ಹನ್ನೆರಡು ಸಲ ಆಯಿತು.

ಆ ಪುಟವನ್ನು ನಾನೇ ಅಂಗಡಿಯ ಮಾಲೀಕರಾದ ಸಾಹುಕಾರರಿಗೆ ತೋರಿಸಿದೆ. ವಾಸನೆಯ ವಿಷಯವನ್ನೂ ಸೇರಿಸಿ ಹೇಳಿದೆ. ಅವರು ಮೆತ್ತನೆಯ ತಿರುಗುವ ಕುರ್ಚಿಯಲ್ಲಿ ಒರಗಿಕೊಂಡು, "ಕುಂತ್ಕಂಡು ಓಡ್ಸೋನಿಗೆ ಎಂಥಾ ಸುಸ್ತು? ಇನ್ಮೇಲೆ ಅಂಗಡಿ ಬಿಟ್ರೆ ಎಲ್ಲೂ ನಿಲ್ಸಂಗಿಲ್ಲ" ಎಂದರು. ಟವೆಲ್ಲನ್ನು ಡ್ರೈವರಣ್ಣನ ಎದುರೇ ಕಸಕ್ಕೆ ಹಾಕಿಸಿದರು. ನನಗೆ ಶಭಾಷ್ ಅಂದರು. ನಾನು ಹಲ್ಲು ಕಿರಿದೆ.

ಡ್ರೈವರಣ್ಣ ಅವತ್ತಿನಿಂದಲೇ ದಾರಿಯಲ್ಲಿ ನಿಲ್ಲಿಸುವುದನ್ನು ಬಿಟ್ಟರು. ಅಲ್ಲಿಂದ ಮೂವತ್ತೊಂಬತ್ತನೇ ದಿನ ಹೊಳಲ್ಕೆರೆಯ ಅಂಗಡಿ ಮುಂದೆ ವ್ಯಾನ್ ನಿಂತಿತು, ಅವರು ಇಳಿಯಲಿಲ್ಲ. ಅಲುಗಾಡಲೂ ಆಗುತ್ತಿರಲಿಲ್ಲ. ಅಂಗಡಿಯವರೂ ನಾನೂ ಕಂಕುಳಿಗೆ ಕೈ ಕೊಟ್ಟು ಇಳಿಸಿದೆವು. ನೋವಿಗೆ ಪ್ಯಾಂಟಿನಲ್ಲೇ ಉಚ್ಚೆ ಹೋಗಿತ್ತು.

"ಥೂ, ಏನ್ರೀ ಇದು!" ಅಂಗಡಿಯವರು ಕೈ ಬಿಟ್ಟರು. ನಾನೂ ಮೂಗು ಮುಚ್ಚಿಕೊಂಡೆ.

ಕಟ್ಟೆಯ ಮೇಲೆ ಮಗ್ಗುಲಾಗಿ ಬಿದ್ದುಕೊಂಡೇ ಡ್ರೈವರಣ್ಣ ನನ್ನ ಕಡೆ ನೋಡಿದರು. "ಬರ್ಕಳಪ್ಪ. ಇವತ್ತು ಒಂದು ಸಲಾನೂ ನಿಲ್ಸಿಲ್ಲ."

ಮತ್ತೆ ಅವರು ವ್ಯಾನ್ ಹತ್ತಲಿಲ್ಲ. ಸಾಹುಕಾರರು ನೋಡಲು ಕೂಡ ಹೋಗಲಿಲ್ಲ. ನನಗೆ ಲೈಸೆನ್ಸ್ ಇತ್ತು, ನನ್ನನ್ನೇ ಆ ಸೀಟಿಗೆ ಕೂರಿಸಿದರು. ಹದಿನೇಳನೇ ದಿನ ನನ್ನ ಸೊಂಟ ಹಿಡಿಯಿತು. ಹೊಸ ಟವೆಲ್ ಒಂದನ್ನು ಹಿಡಿದು ಬಿ.ದುರ್ಗದಲ್ಲಿದ್ದ ಅವರ ಮನೆಗೆ ಹೋದೆ. ಟವೆಲ್ ಅವರ ಮುಂದೆ ಚಾಚಿದೆ. ಅವರು ಮಲಗಿದ್ದಲ್ಲಿಂದಲೇ ಟವೆಲ್ ಇಸಿದುಕೊಂಡು ಬಿಗಿಯಾಗಿ ಸುತ್ತಿ, ದಾರ ಕಟ್ಟಿದರು.

"ಇಷ್ಟು ದಪ್ಪ ಸಾಕು. ಕುಂಡಿ ಮ್ಯಾಲೆ ಬೆನ್ನು ಒಳಗೆ ಹೋಗಿರ್ತೈತಲ್ಲ, ಅಲ್ಲಿ ಇಟ್ಕ. ತೊಳ್ಯಾಕೆ ಅಂತ ಬಿಚ್ಚಬ್ಯಾಡ, ಹದ ಕೆಡ್ತೈತೆ."

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಟವೆಲ್ಲನ್ನು ನಾನು ಬಿಚ್ಚಿಲ್ಲ. ಈಗ ಅದೂ ನಾರುತ್ತದೆ. ಮುಕ್ಕಾಲು ಗಂಟೆಗೊಮ್ಮೆ ನಿಲ್ಲಿಸುತ್ತೇನೆ, ಸಾಹುಕಾರರು ಬೈದುಕೊಳ್ಳಲಿ. ಡೈರಿಯ ಆ ಪುಟ ಹಾಗೇ ಇದೆ. ನೂರಾ ಹನ್ನೆರಡು ಸಲ ಅವರು ನನ್ನನ್ನು ಇಳಿ ಅಂದಿದ್ದರು. ನಾನು ಇಳಿದದ್ದು ಸೊನ್ನೆ.