ಮಗಳ ಸೈಕಲ್ಲಿನ ಹಿಂದೆ ನನ್ನ ಕಾರು

ಹಳ್ಳಿದಾರಿಯಲ್ಲಿ ಗಂಟೆಗೆ ಹತ್ತು ಮೈಲಿ ವೇಗದಲ್ಲಿ ಕಾರು ಓಡಿಸುವುದು ಎಂಥ ಪೀಕಲಾಟ ಎಂದು ನನ್ನನ್ನು ಕೇಳಿ. ಎರಡು ಬೇಸಿಗೆ ಪೂರ್ತಿ ಅದನ್ನೇ ಮಾಡಿದ್ದೇನೆ. ಮುಂದೆ ಮಗಳು ಸೈಕಲ್ ಮೇಲೆ, ಹಿಂದೆ ನಾನು ಕಾರಿನಲ್ಲಿ, ನನ್ನ ಹಿಂದೆ ಹಾರ್ನ್ ಹೊಡೆಯುತ್ತ ನಾಲ್ಕಾರು ಗಾಡಿಗಳು. ಕಾರಿನ ನಾಲ್ಕೂ ಮೂಲೆಯ ದೀಪಗಳು ಮಿಣಮಿಣ ಎನ್ನುತ್ತಲೇ ಇರುತ್ತಿದ್ದವು. ಪಕ್ಕದ ಸೀಟಿನ ಮೇಲೆ ಫ್ಲಾಸ್ಕು, ಚಪಾತಿ ಪಲ್ಯದ ಡಬ್ಬಿ, ನನ್ನ ಔಷಧದ ಚೀಲ. ನೋಡಿದವರು ಯಾರೋ ಮಂತ್ರಿಯ ಸವಾರಿ ಹೊರಟಿದೆ ಅಂದುಕೊಳ್ಳಬೇಕು.

ತೊಂಬತ್ತರ ದಶಕದ ನಡುವಿನ ವರ್ಷಗಳು ಅವು. ಲಂಡನ್ನಿನ ದಕ್ಷಿಣ ಅಂಚಿನ ಕ್ರೋಯ್ಡನ್ನಿನಲ್ಲಿ ಮನೆ. ನಾನು ಧಾರವಾಡದವನು, ಹೆಂಡತಿ ಮೈಸೂರಿನವಳು. ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಅರಿವಳಿಕೆಯ ಡಾಕ್ಟರು. ಆಪರೇಷನ್ನಿಗೆ ಬಂದವರನ್ನು ನಿದ್ದೆಗೆ ಕಳಿಸುವುದು, ಮುಗಿಯುವವರೆಗೂ ಅವರ ಉಸಿರು, ನಾಡಿ, ಬಿಪಿ ನೋಡುತ್ತ ತಲೆಯ ಹತ್ತಿರ ಕೂರುವುದು, ಮತ್ತೆ ಎಬ್ಬಿಸುವುದು. ವಾರವಿಡೀ ಕಾಯುವ ಚಾಳಿ ಭಾನುವಾರವೂ ಬಿಡುತ್ತಿರಲಿಲ್ಲ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದೆಲ್ಲ ನೆಪ. ನಾನು ಹುಟ್ಟಾ ಪುಕ್ಕಲ, ಅಷ್ಟೇ.

ಹನ್ನೆರಡು ತುಂಬಿದಾಗ ಮಗಳು ಸೈಕಲ್ ಬೇಕೆಂದು ಹಟ ಹಿಡಿದಳು. ಪಾರ್ಕಿನಲ್ಲಿ ಗಿರಕಿ ಹೊಡೆಯುವುದಕ್ಕಲ್ಲ, ದಾರಿ ಹಿಡಿದು ಹೋಗುವುದಕ್ಕೆ. ನಮ್ಮ ಮನೆಯಿಂದ ಐದಾರು ಮೈಲಿ ದಾಟಿದರೆ ಲಂಡನ್ನು ಲಂಡನ್ನಿನ ಹಾಗೆ ಇರುವುದಿಲ್ಲ. ಎರಡೂ ಕಡೆ ಎತ್ತರದ ಬೇಲಿಗಿಡಗಳು, ನಡುವೆ ಒಂದೇ ಕಾರು ಹಿಡಿಸುವ ಓಣಿ, ಕುರಿ, ಕುದುರೆ, ಉತ್ತ ಹೊಲದಲ್ಲಿ ಸುಣ್ಣ ಚೆಲ್ಲಿದಂಥ ಬಿಳಿ ಮಣ್ಣು, ಬಿಗಿನ್ ಹಿಲ್ಲಿನ ವಿಮಾನ ನಿಲ್ದಾಣದಿಂದ ಏಳುವ ಪುಟ್ಟ ವಿಮಾನ. ಊರಿಂದ ಬಂದ ನೆಂಟರಿಗೆ ಇದೂ ಲಂಡನ್ನೇ ಎಂದರೆ ನಗುತ್ತಿದ್ದರು.

ಸೈಕಲ್ ಕೊಡಿಸಿದೆ, ಒಂದು ಷರತ್ತು ಹಾಕಿ. ಹಿಂದೆ ನಾನು ಬರುತ್ತೇನೆ.

ಶನಿವಾರ ಸಂಜೆ ಊಟದ ಟೇಬಲ್ಲಿನ ಮೇಲೆ ನಕಾಶೆ ಹರಡಿ ಪೆನ್ಸಿಲಿನಲ್ಲಿ ಮಾರ್ಗ ಎಳೆಯುತ್ತಿದ್ದೆ. ಇಲ್ಲೂ ನಮ್ಮೂರಿನಂತೆ ಗಾಡಿಗಳು ಎಡಗಡೆ ಓಡುತ್ತವೆ. ಬಲಕ್ಕೆ ತಿರುಗಬೇಕಾದರೆ ಎದುರಿನಿಂದ ಬರುವವರನ್ನು ಅಡ್ಡಹಾಯಬೇಕು. ಹಾಗಾಗಿ ಬಲ ತಿರುವೇ ಇಲ್ಲದ ಮಾರ್ಗ ಹುಡುಕುತ್ತಿದ್ದೆ. ಎಡ, ಎಡ, ಮತ್ತೆ ಎಡ, ಕೊನೆಗೆ ನಮ್ಮ ಮನೆಯ ಗೇಟು. ಇಂಥವು ಮೂರು ಸಿಕ್ಕಿದ್ದವು. ದೊಡ್ಡ ಸಾಧನೆ ಮಾಡಿದವನ ಹಾಗೆ ಬೀಗಿದ್ದೆ.

"ಗಾಣದೆತ್ತಿನ ಥರ ಸುತ್ತಿಸ್ತಿದೀರಲ್ರೀ ಮಗೂನ," ಎಂದು ಹೆಂಡತಿ ಛೇಡಿಸುತ್ತಿದ್ದಳು.

"ನಿನಗೇನ್ ಗೊತ್ತದ? ಬಲಕ್ಕ ತಿರಗೂದ್ರಾಗ ಎಷ್ಟು ಮಂದಿ ಕೈಕಾಲು ಮುರಕೊಂಡು ನಮ್ಮ ಆಪರೇಷನ್ ಟೇಬಲ್ ಮ್ಯಾಲ ಬರ್ತಾರ ಅಂತ," ಎಂದು ನಾನು ರೇಗುತ್ತಿದ್ದೆ.

ಒಂದು ಭಾನುವಾರ ಬಿಗಿ ಚಡ್ಡಿಯ ಮುದುಕನೊಬ್ಬ ತನ್ನ ಸೈಕಲ್ಲನ್ನು ನನ್ನ ಕಿಟಕಿಯ ಪಕ್ಕಕ್ಕೆ ತಂದು, ಹುಡುಗಿ ಯಾವ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ ಎಂದು ವಿಚಾರಿಸಿದ. ಸ್ಪರ್ಧೆಯೇನಿಲ್ಲ, ನನ್ನ ಮಗಳು ಎಂದೆ. "ಓ," ಎಂದವನೇ ಮುಂದೆ ಹೋಗಿ ಅವಳಿಗೂ ಏನೋ ಹೇಳಿ ಹೊರಟುಹೋದ. ಹಿಂದಿನಿಂದ ನನಗೆ ಕಂಡದ್ದು ಅವಳ ಕಿವಿ ಕೆಂಪಗಾದದ್ದು. ಮನೆಯಲ್ಲಿ ಅದನ್ನೇ ತಮಾಷೆಯಾಗಿ ಹೇಳಿದೆ. ಅವಳು ಊಟ ಬಿಟ್ಟು ಎದ್ದು ಹೋದಳು.

ಮೇ ತಿಂಗಳಲ್ಲಿ ಆ ಓಣಿಗಳ ಪಕ್ಕದ ಕಾಡು ನೀಲಿ ಹೂವಿನಿಂದ ತುಂಬಿರುತ್ತದೆ ಎಂದು ಈಗ ಬಲ್ಲೆ. ಆಗ ನೋಡಿದ ನೆನಪಿಲ್ಲ. ನಾನು ನೋಡುತ್ತಿದ್ದದ್ದು ಅವಳ ಬೆನ್ನು, ಹೆಲ್ಮೆಟ್ಟು ಮತ್ತು ಹಿಂದಿನ ಚಕ್ರ.

ಎರಡನೆಯ ಬೇಸಿಗೆಯ ಕೊನೆಗೆ, ಹದಿಮೂರು ದಾಟಿದ ಮಗಳು ತಾನೇ ನಕಾಶೆ ತಂದು ನನ್ನ ಮುಂದೆ ಹಾಸಿದಳು. ಅವಳಿಗೆ ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಬಾಯಿ ಬಿಟ್ಟರೆ ಮಾತ್ರ ಇಂಗ್ಲಿಷು. ಡೌನ್ ಎಂಬ ಹಳ್ಳಿಯಿಂದ ಕಡಮ್ ಎಂಬ ಹಳ್ಳಿಗೆ ಎರಡು ಮೈಲಿಯಷ್ಟು ದಾರಿ, ತಗ್ಗಿಗೆ ಇಳಿದು ಮತ್ತೆ ಎದೆ ಬಿರಿಯುವಂಥ ಏರು. ಬಲ ತಿರುವು ಇದ್ದದ್ದರಿಂದ ಆ ಕಡೆ ನಾವು ಹೋದವರೇ ಅಲ್ಲ. ಅದನ್ನು ತಾನೊಬ್ಬಳೇ ಹತ್ತಬೇಕು ಎಂದಳು. ನಾನು ಡೌನ್‌ನ ಚರ್ಚಿನ ಹತ್ತಿರ ಕಾರು ನಿಲ್ಲಿಸಿ ಕಾಯಬೇಕು. ಮೇಲೆ ಹೋಗಿ ಅಲ್ಲಿನ ಟೆಲಿಫೋನ್ ಬೂತಿನಿಂದ ಅಮ್ಮನಿಗೆ ಫೋನ್ ಮಾಡುತ್ತಾಳೆ, ಒಂದು ಗಂಟೆಯೊಳಗೆ ಅದೇ ದಾರಿಯಲ್ಲಿ ವಾಪಸ್. ಎಲ್ಲ ಯೋಚಿಸಿಟ್ಟಿದ್ದಳು.

ನಾನು ಆಗದು ಎಂದೆ. ಒಂದು ವಾರ ಮನೆಯಲ್ಲಿ ಮೌನವ್ರತ. ಕೊನೆಗೆ ಹೆಂಡತಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ಒಂದು ಗಂಟೆ ರೀ! ಒಂದೇ ಒಂದು ಗಂಟೆ ಸುಮ್ನೆ ಕೂತ್ಕೊಳಕ್ಕೆ ಆಗಲ್ವಾ ನಿಮಗೆ?"

"ಆತು," ಎಂದೆ. ಮಗಳ ಕಡೆ ತಿರುಗಿ, "ಆತವ್ವಾ, ಬರೂದಿಲ್ಲ. ಅಲ್ಲೇ ಕೂಡ್ತೀನಿ."

"ಪ್ರಾಮಿಸ್?"

"ಪ್ರಾಮಿಸ್."

ಆ ಭಾನುವಾರ ಒಳ್ಳೆಯ ಬಿಸಿಲಿತ್ತು. ಡೌನ್‌ನಲ್ಲಿ ಕಾರಿನ ಹಿಂಭಾಗದಿಂದ ಸೈಕಲ್ ಇಳಿಸಿಕೊಟ್ಟೆ. ಹೋಗುತ್ತ ಹಿಂದಿರುಗಿ ನೋಡಿ, ನಕ್ಕು, ಕೈ ಎತ್ತಿದಳು. ಎರಡು ಬೇಸಿಗೆಗಳಲ್ಲಿ ಅವಳು ಹಿಂದಿರುಗಿ ನಕ್ಕದ್ದು ಅದೇ ಮೊದಲು. ತಿರುವಿನಲ್ಲಿ ಮರೆಯಾದಳು.

ಹತ್ತು ನಿಮಿಷ ಕೂತೆ. ಪೇಪರ್ ಬಿಡಿಸಿದೆ, ಮಡಿಸಿದೆ. ಅಷ್ಟರಲ್ಲಿ ಬಿಳಿ ವ್ಯಾನೊಂದು ಚರ್ಚಿನ ಮುಂದೆ ರೊಯ್ಯನೆ ಹೋಗಿ ಅವಳು ಹೋದ ದಾರಿಗೇ ತಿರುಗಿತು. ಅಷ್ಟೇ ಸಾಕಾಯಿತು. ದೂರದಿಂದ ಒಮ್ಮೆ ನೋಡಿ ಬಂದುಬಿಡುತ್ತೇನೆ, ಅವಳಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಕೀಲಿ ತಿರುವಿದೆ.

ತಗ್ಗಿನಲ್ಲಿ ಅವಳಿರಲಿಲ್ಲ. ಏರಿನಲ್ಲೂ ಇರಲಿಲ್ಲ. ಅಂಥ ಕಡಿದಾದ ಓಣಿಯನ್ನು ಅವಳು ಆಗಲೇ ಹತ್ತಿಬಿಟ್ಟಿದ್ದಳೆಂದು ನನಗೆ ಹೊಳೆಯಲೇ ಇಲ್ಲ. ಹಳ್ಳಕ್ಕೆ ಬಿದ್ದಿದ್ದಾಳೆಂದೇ ಬೇಲಿಯ ಬುಡಗಳನ್ನು ಹುಡುಕುತ್ತ ಮೊದಲನೇ ಗೇರಿನಲ್ಲಿ ಮೇಲೆ ಬಂದೆ. ಕಡಮ್‌ನ ಚರ್ಚು ಕಂಡಿತು. ರಸ್ತೆ ಪಕ್ಕದಲ್ಲಿ ಕೆಂಪು ಟೆಲಿಫೋನ್ ಬೂತು, ಅದಕ್ಕೆ ಒರಗಿಸಿದ ಸೈಕಲ್. ಗಾಜಿನೊಳಗೆ ಮಗಳು ರಿಸೀವರ್ ಕಿವಿಗಿಟ್ಟು ಮಾತಾಡುತ್ತಿದ್ದಳು, ಇನ್ನೊಂದು ಕೈ ಗಾಳಿಯಲ್ಲಿ ಆಡುತ್ತಿತ್ತು. ಬ್ರೇಕ್ ಒತ್ತಿದೆ. ಹಿಂದಕ್ಕೆ ಹೋಗೋಣವೆಂದರೆ ಹಿಂದೆ ಕುದುರೆ ಸವಾರರು ಬಂದು ನಿಂತಿದ್ದರು. ಅವಳು ತಿರುಗಿದಳು.

ಕೂಗಾಡಿದ್ದರೆ ಚೆನ್ನಾಗಿತ್ತು. ಫೋನ್ ಇಟ್ಟಳು. ಹೊರಗೆ ಬಂದು ಸೈಕಲ್ ತಳ್ಳಿಕೊಂಡು ಕಾರಿನ ಹತ್ತಿರ ಬಂದಳು. ಡಿಕ್ಕಿ ತೆಗೆಯಲು ಕೈಸನ್ನೆ ಮಾಡಿದಳು. ನಾನು ಇಳಿಯುವಷ್ಟರಲ್ಲಿ ತಾನೇ ಎತ್ತಿ ಹಾಕಿಯಾಗಿತ್ತು.

"ವ್ಯಾನ್ ಒಂದು ಬಂತವ್ವಾ, ಭಾಳ ಜೋರು..." ಎಂದೆ. ಅವಳು ಸೀಟಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡಳು. ಮನೆಯವರೆಗೂ ಕಿಟಕಿಯ ಆಚೆ ನೋಡುತ್ತಲೇ ಇದ್ದಳು.

ರಾದ್ಧಾಂತ ನಡೆದದ್ದು ಮನೆಯಲ್ಲಿ, ಹೆಂಡತಿಯಿಂದ. ಮಗಳು ಮಹಡಿ ಹತ್ತಿ ಹೋದ ಮೇಲೆ ಅಡುಗೆಮನೆಯ ಬಾಗಿಲು ಹಾಕಿಕೊಂಡು ಹೇಳಿದಳು:

"ಫೋನಲ್ಲಿ ಏನಂದ್ಳು ಗೊತ್ತಾ ಅವ್ಳು? 'ಅಮ್ಮಾ, ನಾನೊಬ್ಳೇ ಬಂದೆ' ಅಂದ್ಳು. ಕನ್ನಡದಲ್ಲಿ ಅಂದ್ಳು ರೀ! 'ಎಲ್ಲಾ ಕಾಣ್ಸತ್ತೆ ಇಲ್ಲಿಂದ' ಅಂತ ಶುರು ಮಾಡಿ ಸುಮ್ನಾದ್ಳು. ಏನಾಯ್ತೇ ಅಂದ್ರೆ, 'ನಥಿಂಗ್' ಅಂತ ಇಟ್ಬಿಟ್ಳು." ಅವಳ ಕಣ್ಣು ತುಂಬಿತ್ತು. "ಎಂಥ ಮನುಷ್ಯರು ನೀವು!"

ಕ್ಷಮೆ ಕೇಳಲು ಮಹಡಿ ಹತ್ತಿದೆ. ಬಾಗಿಲ ಹೊರಗೆ ನಿಂತು ಮತ್ತೆ ವ್ಯಾನಿನ ಕಥೆಯನ್ನೇ ಹೇಳಿದೆ. ತಪ್ಪಾಯಿತು ಎಂಬ ಒಂದು ಮಾತು ಬಾಯಿಗೆ ಬರಲಿಲ್ಲ. ಅಪ್ಪನಾದವನು ಮಗಳಿಗೆ ಹಾಗೆ ಹೇಳುವುದುಂಟೇ ಎಂಬ ಬಿಗುಮಾನ ಬೇರೆ. "ಇಟ್ಸ್ ಫೈನ್, ಅಪ್ಪಾ," ಎಂದಳು ಒಳಗಿನಿಂದ. ಮುಂದಿನ ಶನಿವಾರ ನಾನೇ ನಕಾಶೆ ಹರಡಿ ಕೂತೆ. ಅವಳು ನೋಡಿಯೂ ನೋಡದ ಹಾಗೆ ಟೀವಿ ಮುಂದೆ ಹೋಗಿ ಕೂತಳು. ಸೈಕಲ್ ಮತ್ತೆ ಮುಟ್ಟಲಿಲ್ಲ. ಎರಡು ವರ್ಷ ಶೆಡ್ಡಿನಲ್ಲಿ ತುಕ್ಕು ಹಿಡಿದ ಮೇಲೆ ಹೆಂಡತಿ ಯಾರಿಗೋ ಕೊಟ್ಟುಬಿಟ್ಟಳು.

ಮಗಳು ನನ್ನ ಮೇಲೆ ಮುನಿಸು ಸಾಧಿಸಿದಳು ಎಂದು ತಿಳಿಯಬೇಡಿ. ಹುಟ್ಟುಹಬ್ಬಕ್ಕೆ ಕಾರ್ಡು, ದೀಪಾವಳಿಗೆ ಹೊಸ ಅಂಗಿ, ಎಲ್ಲ ಇತ್ತು. ಕೆಲಸ ಸಿಕ್ಕು ಲಂಡನ್ನಿನ ಉತ್ತರ ತುದಿಯ ಕೊಲಿಂಡೇಲಿನ ಬಾಡಿಗೆ ಫ್ಲ್ಯಾಟಿಗೆ ಹೋದ ಮೇಲೂ ತಿಂಗಳಿಗೆರಡು ಭಾನುವಾರ ಊಟಕ್ಕೆ ಬರುತ್ತಿದ್ದಳು. ನಾನೂ ಎಲ್ಲ ಸರಿಹೋಯಿತು ಎಂದೇ ನಂಬಿದ್ದೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿತ್ತು. ಒಂದು ಭಾನುವಾರ ಅವಳು ನನಗೆ ಉಪ್ಪಿನಕಾಯಿ ಬಡಿಸುವಾಗ ಎಡ ಮುಂಗೈ ಮೇಲೆ ಹಳದಿಗೆ ತಿರುಗಿದ ಕಲೆ ಕಾಣಿಸಿತು. ಡ್ರಿಪ್ಪಿನ ಸೂಜಿ ಚುಚ್ಚಿದ ಗುರುತು. ಮೂವತ್ತು ವರ್ಷ ಅದೇ ಜಾಗದಲ್ಲಿ ಅದನ್ನೇ ಚುಚ್ಚಿದವನು ನಾನು. ವಾರದ ಹಿಂದಿನದು ಎಂದು ನೋಡಿದೊಡನೆ ಗೊತ್ತಾಯಿತು. ಕೈ ಹಿಡಿದುಕೊಂಡೆ.

"ಏನಿದು?"

ಪಿತ್ತಕೋಶದ ಆಪರೇಷನ್ನಂತೆ. ದೊಡ್ಡದೇನಲ್ಲ, ಮಾರನೆಯ ದಿನವೇ ಮನೆಗೆ ಬಂದಳಂತೆ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಹುಳಿ ಕಲಕುವುದನ್ನು ನಿಲ್ಲಿಸಲಿಲ್ಲ. ಹಿಂದಿನ ವಾರ ಗೆಳತಿಯ ಮನೆಯಲ್ಲಿ ಪೂಜೆ ಎಂದು ಮೂರು ದಿನ ಹೋದವಳು ಮಗಳ ಹತ್ತಿರ ಇದ್ದಳು. ಯಾರೋ ಅಪರಿಚಿತ ಡಾಕ್ಟರು ನನ್ನ ಮಗಳನ್ನು ನಿದ್ದೆಗೆ ಕಳಿಸಿ, ಅವಳ ಉಸಿರು ಕಾದು, ಎಬ್ಬಿಸಿದ್ದರು. ಆ ಹೊತ್ತಿನಲ್ಲಿ ನಾನು ಇನ್ಯಾರದೋ ಮಗಳ ತಲೆಯ ಹತ್ತಿರ ಕೂತಿದ್ದಿರಬೇಕು.

"ನನಗ್ಯಾಕ ಹೇಳಲಿಲ್ಲ?"

ಹೇಳಿದ್ದರೆ ನೀವು ಬಂದುಬಿಡುತ್ತಿದ್ದಿರಲ್ಲ ಅಪ್ಪಾ, ಎಂದಳು ಇಂಗ್ಲಿಷಿನಲ್ಲಿ.

"ಒಳಗ ಬರ್ತಿರಲಿಲ್ಲವ್ವಾ. ಹೊರಗ ಕೂಡ್ತಿದ್ದೆ."

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಚುಚ್ಚುವ ಉದ್ದೇಶವೂ ಇರಲಿಲ್ಲ. ತಿಳಿದುಕೊಳ್ಳಬೇಕೆಂದೇ ಕೇಳಿದಳು.

"ಕೂಡ್ತಿದ್ರಾ?"

ಹೌದು ಎನ್ನಲು ಬಾಯಿ ತೆರೆದೆ. ಡೌನ್‌ನ ಚರ್ಚು, ಆ ಬಿಳಿ ವ್ಯಾನು ಕಣ್ಣ ಮುಂದೆ ಬಂದವು. ಅವಳು ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು, ಅಮ್ಮನಿಗೆ ತಟ್ಟೆ ಹಾಕಲು ಹೋದಳು.